ಲಿಥಿಯಂ ವಿದ್ಯುತ್ಕೋಶದ ಸುರಕ್ಷತೆ: ಒಂದು ಐತಿಹಾಸಿಕ ಸಮೀಕ್ಷೆ

೧

ತಂತ್ರವಿದ್ಯೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಆವಿಷ್ಕಾರಗಳ ಕಾಲಾನುಕ್ರಮವನ್ನು ಅನುಸರಿಸುತ್ತಾರೆ. ಯಾವ ವರ್ಷ ಯಾರು ಏನನ್ನು ಕಂಡುಹಿಡಿದರು, ಅದು ಎಂದು ಮಾರುಕಟ್ಟೆಗೆ ಬಂದಿತು, ಅದರಿಂದ ಜನಜೀವನದಲ್ಲಿ ಯಾವ ಮಾರ್ಪಾಡಾಯಿತು ಎಂಬ ಪ್ರಶ್ನೆಗಳೇ ಇಂಥ ಚರಿತ್ರೆಯ ಚೌಕಟ್ಟು. ಈ ಕ್ರಮದಲ್ಲಿ ದೋಷವೇನೂ ಇಲ್ಲ. ಆದರೆ ಕೆಲವು ವಸ್ತುಗಳ ವಿಷಯದಲ್ಲಿ ಆವಿಷ್ಕಾರದ ತೇದಿಗಳಿಗಿಂತ ಅವಘಡದ ತೇದಿಗಳೇ ಹೆಚ್ಚು ಬೋಧಪ್ರದವಾಗಿರುತ್ತವೆ. ಲಿಥಿಯಂ ವಿದ್ಯುತ್ಕೋಶವು ಅಂಥ ವಸ್ತುಗಳಲ್ಲೊಂದು.

೧೯೯೧ರಲ್ಲಿ ಜಪಾನಿನ ಸೋನಿ ಸಂಸ್ಥೆ ಲಿಥಿಯಂ-ಅಯಾನು ಕೋಶವನ್ನು ಮಾರಾಟಕ್ಕೆ ತಂದದ್ದೂ, ೨೦೧೯ರಲ್ಲಿ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೊ ಎಂಬ ಮೂವರಿಗೆ ಈ ಕೋಶದ ನಿರ್ಮಾಣಕ್ಕಾಗಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದದ್ದೂ ಬಹುಮಂದಿಗೆ ತಿಳಿದ ಸಂಗತಿ. ಇದರ ಜೊತೆಗೆ ೧೯೮೯, ೨೦೦೬, ೨೦೧೩, ೨೦೧೬, ೨೦೨೨ ಎಂಬ ಐದು ವರ್ಷಗಳನ್ನೂ ಇತಿಹಾಸದ ವಿದ್ಯಾರ್ಥಿ ನೆನಪಿನಲ್ಲಿಡುವುದು ಉಚಿತ. ಈ ಐದು ಸಂದರ್ಭಗಳನ್ನು ಕ್ರಮವಾಗಿ ಪರಿಶೀಲಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಪ್ರತಿಯೊಂದು ಅವಘಡದ ಹಿಂದೆಯೂ ಆ ಕಾಲದ ತಜ್ಞರು ಸಾಧಾರವೆಂದು ಭಾವಿಸಿದ್ದ ಒಂದೊಂದು ನಂಬಿಕೆಯಿತ್ತು. ಬೆಂಕಿ ಆ ನಂಬಿಕೆಯನ್ನು ಸುಟ್ಟಿತು. ಅನಂತರ ನಿಯಮ ಹುಟ್ಟಿತು. ಕೋಶವನ್ನು ಕೆಡದಂತೆ ಮಾಡಬಲ್ಲೆವೆಂಬ ವಿಶ್ವಾಸದಿಂದ ಹೊರಟು, ಕೋಶಗಳಲ್ಲಿ ಒಂದಾದರೂ ಎಂದಾದರೊಂದು ದಿನ ಕೆಟ್ಟೇ ಕೆಡುವುದು, ಆಗ ಅದರ ಬಳಿಯಿರುವ ಮನುಷ್ಯನ ಗತಿಯೇನು ಎಂಬ ಪ್ರಶ್ನೆಗೆ ಬಂದು ಸೇರಿದ ಈ ದೀರ್ಘ ಪ್ರಯಾಣವನ್ನು ನಿರೂಪಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೨

ಚರಿತ್ರೆಗೆ ಪ್ರವೇಶಿಸುವ ಮೊದಲು ಕೋಶದ ರಚನೆಯನ್ನು ಸಂಕ್ಷೇಪವಾಗಿ ತಿಳಿದುಕೊಳ್ಳುವುದು ಅವಶ್ಯಕ. ಲಿಥಿಯಂ ಲೋಹಗಳಲ್ಲೆಲ್ಲ ಹಗುರವಾದುದು. ತನ್ನ ಎಲೆಕ್ಟ್ರಾನನ್ನು ಬಲು ಸುಲಭವಾಗಿ ಬಿಟ್ಟುಕೊಡುವ ಗುಣವುಳ್ಳದ್ದು. ಹಗುರವಾದ ಕೋಶದಲ್ಲಿ ಹೆಚ್ಚು ಶಕ್ತಿಯನ್ನು ತುಂಬಲು ಇದರಿಂದ ಸಾಧ್ಯವಾಗುತ್ತದೆ. ಆದರೆ ಈ ಲೋಹ ನೀರಿನೊಡನೆ ಸೇರಿದರೆ ತೀವ್ರ ಕ್ರಿಯೆಯುಂಟಾಗುವುದರಿಂದ ಕಾರಿನ ಸೀಸದ ಬ್ಯಾಟರಿಯಲ್ಲಿರುವಂತೆ ನೀರು ಬೆರೆತ ದ್ರವವನ್ನು ಇಲ್ಲಿ ಬಳಸುವಂತಿಲ್ಲ. ಹೊತ್ತಿಕೊಳ್ಳುವ ಸ್ವಭಾವದ ಸಾವಯವ ದ್ರವವನ್ನೇ ಬಳಸಬೇಕು. ಋಣಾಗ್ರ, ಧನಾಗ್ರಗಳ ಎರಡು ತೆಳು ಹಾಳೆಗಳು, ಅವೆರಡರ ನಡುವೆ ತಲೆಗೂದಲಿಗಿಂತಲೂ ತೆಳುವಾದ ಒಂದು ಪ್ಲಾಸ್ಟಿಕ್ ಪೊರೆ, ಇವೆಲ್ಲವನ್ನೂ ತೋಯಿಸಿರುವ ಆ ದ್ರವ, ಇಷ್ಟೇ ಕೋಶದ ಒಳಸಂಸಾರ. ಬ್ಯಾಟರಿಗೆ ವಿದ್ಯುತ್ತನ್ನು ತುಂಬುವಾಗ ಲಿಥಿಯಂ ಅಯಾನುಗಳು ಧನಾಗ್ರದಿಂದ ಋಣಾಗ್ರಕ್ಕೆ ಹೋಗುತ್ತವೆ, ಬಳಸುವಾಗ ಹಿಂದಿರುಗುತ್ತವೆ.

ನಡುವಣ ಪೊರೆ ಎಲ್ಲಿಯಾದರೂ ಹರಿದರೆ ಎರಡು ಹಾಳೆಗಳು ಪರಸ್ಪರ ತಗುಲಿ, ಶಾರ್ಟ್ ಸರ್ಕ್ಯೂಟ್ ಎಂದು ನಾವು ಕರೆಯುವ ಸ್ಥಿತಿ ಒಳಗೇ ಏರ್ಪಡುತ್ತದೆ. ಕಾವು ಏರುತ್ತದೆ, ಕಾವಿನಿಂದ ರಾಸಾಯನಿಕ ಕ್ರಿಯೆಗಳು ತ್ವರಿತಗೊಳ್ಳುತ್ತವೆ, ಆ ಕ್ರಿಯೆಗಳಿಂದ ಕಾವು ಮತ್ತಷ್ಟು ಏರುತ್ತದೆ. ತಜ್ಞರು ಥರ್ಮಲ್ ರನ್‌ಅವೇ ಎನ್ನುವ ಈ ಅವಸ್ಥೆಯನ್ನು ನಾವು ಅಂಕೆಗೆಟ್ಟ ಕಾವು ಎನ್ನಬಹುದು. ಧನಾಗ್ರದಲ್ಲಿ ಕೋಬಾಲ್ಟ್ ಆಕ್ಸೈಡ್ ಇದ್ದರೆ ಅದು ಈ ಕಾವಿನಲ್ಲಿ ಆಮ್ಲಜನಕವನ್ನೂ ಹೊರಬಿಡುತ್ತದೆ. ಒಲೆ, ಸೌದೆ, ಗಾಳಿ ಮೂರೂ ಒಂದೇ ಮುಚ್ಚಿದ ಡಬ್ಬಿಯಲ್ಲಿರುವ ಹಾಗೆ ಇದರ ಸ್ಥಿತಿ. ಆದುದರಿಂದಲೇ ಗಾಳಿ ತಗುಲದಂತೆ ಮುಚ್ಚುವುದರಿಂದ ಮಾತ್ರ ಈ ಬೆಂಕಿ ಆರುವುದಿಲ್ಲ, ಕೋಶವನ್ನು ತಣಿಸಬೇಕಾಗುತ್ತದೆ.

ಇನ್ನೊಂದು ಭೇದವನ್ನೂ ಇಲ್ಲಿ ಗಮನಿಸಬೇಕು. ಕೋಶ ಬೇರೆ, ಬ್ಯಾಟರಿ ಬೇರೆ, ಬ್ಯಾಟರಿಯನ್ನು ಒಳಗೊಂಡ ಪದಾರ್ಥ ಬೇರೆ. ೧೮ ಮಿಲಿಮೀಟರ್ ವ್ಯಾಸ, ೬೫ ಮಿಲಿಮೀಟರ್ ಉದ್ದದ, ೧೮೬೫೦ ಎಂಬ ಅಂಕಿಯಿಂದ ಪ್ರಸಿದ್ಧವಾದ ಕೋಶಗಳು ಲ್ಯಾಪ್‌ಟಾಪಿನಲ್ಲಿ ಕೆಲವಿದ್ದರೆ, ವಿದ್ಯುತ್ ಕಾರಿನಲ್ಲಿ ಸಾವಿರಾರು ಇರಬಹುದು. ಕೋಶಕ್ಕೆ ತನ್ನಷ್ಟಕ್ಕೆ ತಾನೇ ಸಾಕೆಂದು ಹೇಳುವ ಶಕ್ತಿಯಿಲ್ಲ. ಸಾಮಾನ್ಯ ಕೋಬಾಲ್ಟ್ ಕೋಶಕ್ಕೆ ೪.೨ ವೋಲ್ಟಿನ ಮೇಲೆ ವಿದ್ಯುತ್ತನ್ನು ತುಂಬಬಾರದೆಂಬುದನ್ನು ಹೊರಗಿನ ವಿದ್ಯುನ್ಮಂಡಲವೇ ನೋಡಿಕೊಳ್ಳಬೇಕು. ಹೀಗಿರುವುದರಿಂದ ಸುರಕ್ಷತೆಯ ಹೊಣೆ ಮೊದಲಿನಿಂದಲೂ ಹಲವರಲ್ಲಿ ಹಂಚಿಹೋಗಿದೆ. ಹಂಚಿಹೋದ ಹೊಣೆಯನ್ನು ಒಬ್ಬರು ಇನ್ನೊಬ್ಬರ ಮೇಲೆ ಹೊರಿಸುವುದು ಸುಲಭವೆಂಬುದು ಮುಂದೆ ಕಂಡುಬರುವುದು.

೩

೧೯೭೦ರ ದಶಕದಲ್ಲಿ ಅಮೆರಿಕದ ಎಕ್ಸಾನ್ ತೈಲ ಸಂಸ್ಥೆಯ ಪ್ರಯೋಗಾಲಯದಲ್ಲಿ ವಿಟಿಂಗ್‌ಹ್ಯಾಮ್ ಟೈಟೇನಿಯಂ ಡೈಸಲ್ಫೈಡಿನ ಪದರಗಳ ನಡುವೆ ಲಿಥಿಯಂ ಅಯಾನುಗಳು ಸೇರಿಕೊಳ್ಳಬಲ್ಲವೆಂಬುದನ್ನು ಉಪಯೋಗಿಸಿ, ಪುನಃಪುನಃ ತುಂಬಬಹುದಾದ ಕೋಶವನ್ನು ರಚಿಸಿದರು. ಋಣಾಗ್ರ ಶುದ್ಧ ಲಿಥಿಯಂ ಲೋಹದ್ದು. ಪ್ರತಿ ಸಲ ತುಂಬಿದಾಗಲೂ ಆ ಲೋಹ ಸಮತಟ್ಟಾಗಿ ಕೂಡದೆ ಬೇರಿನಂತೆ, ಮುಳ್ಳಿನಂತೆ ಬೆಳೆದು ಎದುರು ಬದಿಯನ್ನು ಮುಟ್ಟುತ್ತಿತ್ತು. ಪ್ರಯೋಗಾಲಯಕ್ಕೆ ಅಗ್ನಿಶಾಮಕ ದಳದವರು ಹಲವು ಬಾರಿ ಬರಬೇಕಾಯಿತು. ಲಿಥಿಯಂ ಬೆಂಕಿಯನ್ನಾರಿಸಲು ಬೇಕಾದ ವಿಶೇಷ ದ್ರವ್ಯಗಳ ವೆಚ್ಚವನ್ನು ಪ್ರಯೋಗಾಲಯವೇ ತೆರಬೇಕಾದೀತೆಂದು ಅವರು ಎಚ್ಚರಿಸಿದರೆಂದು ನೊಬೆಲ್ ಸಂಸ್ಥೆಯ ವಿವರಣೆಯಲ್ಲಿ ಹೇಳಿದೆ. ಅಂದರೆ, ಅಪಾಯ ಅಜ್ಞಾತವಾಗಿರಲಿಲ್ಲ. ಲೋಹವನ್ನು ಪಳಗಿಸಬಹುದೆಂಬ ವಿಶ್ವಾಸವಿತ್ತು.

ಆ ವಿಶ್ವಾಸವನ್ನು ಮಾರುಕಟ್ಟೆಗೆ ಒಯ್ದದ್ದು ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಮೋಲಿ ಎನರ್ಜಿ ಎಂಬ ಸಂಸ್ಥೆ. ಲಿಥಿಯಂ ಲೋಹ ಮತ್ತು ಮಾಲಿಬ್ಡಿನಂ ಡೈಸಲ್ಫೈಡುಗಳ ಕೋಶವನ್ನು ಅದು ೧೯೮೦ರ ದಶಕದ ಕೊನೆಯಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸಿತು. ಆ ಕೋಶಗಳು ಜಪಾನಿನ ಸಂಚಾರಿ ದೂರವಾಣಿಗಳಲ್ಲಿ ಬಳಕೆಗೆ ಬಂದುವು. ೧೯೮೯ರಲ್ಲಿ ಅಲ್ಲಿ ದೂರವಾಣಿಯ ಬ್ಯಾಟರಿಗೆ ಬೆಂಕಿ ತಗುಲಿದ ಪ್ರಕರಣ ವರದಿಯಾಗಲು, ಮಾರಿದ್ದ ಕೋಶಗಳನ್ನೆಲ್ಲ ಹಿಂದಕ್ಕೆ ಕರೆಸಬೇಕಾಯಿತು; ಸಂಸ್ಥೆ ಆರ್ಥಿಕವಾಗಿ ಕುಸಿದು ಜಪಾನೀ ಉದ್ಯಮಿಗಳ ವಶವಾಯಿತು. ಲೋಹದ ಋಣಾಗ್ರದ ವಿಶೇಷ ದೋಷವೆಂದರೆ ಅದು ಬಳಕೆಯೊಡನೆ ಬೆಳೆಯುವಂಥದು. ಹೊಸ ಕೋಶ ಪರೀಕ್ಷೆಯಲ್ಲಿ ತೇರ್ಗಡೆಯಾಗಬಹುದು. ನೂರಾರು ಬಾರಿ ತುಂಬಿ ಬರಿದು ಮಾಡಿದ ಅದೇ ಕೋಶ ಅದೇ ಪರೀಕ್ಷೆಯಲ್ಲಿ ಸೋಲಬಹುದು. ಕಾರ್ಖಾನೆಯ ಬಾಗಿಲಲ್ಲಿ ಕೊಟ್ಟ ಪ್ರಮಾಣಪತ್ರ ಬಳಸುವವನ ಕೈಯಲ್ಲಿ ಎಷ್ಟು ಕಾಲ ಸತ್ಯವಾಗಿ ಉಳಿಯುವುದು ಎಂಬ ಪ್ರಶ್ನೆ ಅಂದೇ ಎದ್ದಿತು.

ಇದಕ್ಕೆ ಪರಿಹಾರ ಆ ವೇಳೆಗಾಗಲೇ ಬೇರೊಂದು ದಾರಿಯಲ್ಲಿ ಸಿದ್ಧವಾಗುತ್ತಿತ್ತು. ಆಕ್ಸ್‌ಫರ್ಡಿನಲ್ಲಿ ಗುಡ್‌ಇನಫ್ ೧೯೮೦ರಲ್ಲಿ ಕೋಬಾಲ್ಟ್ ಆಕ್ಸೈಡಿನ ಧನಾಗ್ರವನ್ನು ಪ್ರಕಟಿಸಿದ್ದರು. ಜಪಾನಿನ ಅಸಾಹಿ ಕಾಸೇ ಸಂಸ್ಥೆಯ ಯೋಶಿನೊ ೧೯೮೫ರಲ್ಲಿ ಲಿಥಿಯಂ ಲೋಹವನ್ನೇ ಕೈಬಿಟ್ಟು, ಇಂಗಾಲದ ಋಣಾಗ್ರದಲ್ಲಿ ಅಯಾನುಗಳು ನೆಲಸುವಂತೆ ಮಾಡಿದರು. ಮರುವರ್ಷ ಸ್ಫೋಟಕಗಳನ್ನು ಪರೀಕ್ಷಿಸುವ ಸ್ಥಳವೊಂದನ್ನು ಎರವಲು ಪಡೆದು, ತಮ್ಮ ಕೋಶದ ಮೇಲೆ ಕಬ್ಬಿಣದ ದೊಡ್ಡ ತುಂಡನ್ನು ಬೀಳಿಸಿದರು, ಏನೂ ಆಗಲಿಲ್ಲ. ಲೋಹದ ಲಿಥಿಯಂ ಇದ್ದ ಕೋಶದ ಮೇಲೆ ಬೀಳಿಸಿದಾಗ ಅದು ಭೀಕರವಾಗಿ ಸಿಡಿಯಿತು. ಈ ಸಂದರ್ಭದಲ್ಲಿ ಗಮನಾರ್ಹವಾದ ಸಂಗತಿಯೆಂದರೆ, ಇಂಗಾಲವನ್ನು ಆಯ್ದುಕೊಂಡದ್ದರಿಂದ ಕೋಶದ ಶಕ್ತಿ ಕಡಮೆಯಾಯಿತು. ಶಕ್ತಿಯಲ್ಲಿ ಒಂದು ಹೆಜ್ಜೆ ಹಿಂದಿಟ್ಟುದರಿಂದಲೇ ಈ ಉದ್ಯಮ ಬದುಕಿತು. ಅನಂತರದ ಚರಿತ್ರೆಯೆಲ್ಲ ಆ ಒಂದು ಹೆಜ್ಜೆಯನ್ನು ಮತ್ತೆ ಮುಂದಿಡುವ ಆತುರದ ಚರಿತ್ರೆಯೆಂದರೆ ತಪ್ಪಾಗಲಾರದು.

೪

೧೯೯೧ರಿಂದ ಹದಿನೈದು ವರ್ಷಗಳಲ್ಲಿ ಸಾಮಾನ್ಯ ಕೋಶವೊಂದು ಹಿಡಿಯುವ ವಿದ್ಯುತ್ತಿನ ಪ್ರಮಾಣ ಸುಮಾರು ಇಮ್ಮಡಿಯಾಯಿತು. ಡಬ್ಬಿಯ ಅಳತೆ ಹಿಗ್ಗಲಿಲ್ಲ. ಒಳಗಿನ ಹಾಳೆಗಳು ಹೆಚ್ಚು ಒತ್ತಾಗಿ ಸುತ್ತಲ್ಪಟ್ಟುವು, ಪೊರೆ ತೆಳುವಾಯಿತು. ೨೦೦೬ರ ಆಗಸ್ಟ್ ತಿಂಗಳಲ್ಲಿ ಡೆಲ್ ಸಂಸ್ಥೆ ಸುಮಾರು ೪೧ ಲಕ್ಷ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವುದಾಗಿ ಘೋಷಿಸಿತು; ಕೆಲವು ದಿನಗಳಲ್ಲಿ ಆಪಲ್ ಸಂಸ್ಥೆ ೧೮ ಲಕ್ಷವನ್ನು ಸೇರಿಸಿತು. ವರ್ಷ ಮುಗಿಯುವುದರೊಳಗೆ ಒಟ್ಟು ಸಂಖ್ಯೆ ೯೦ ಲಕ್ಷವನ್ನು ಮೀರಿತು. ಕೋಶಗಳನ್ನು ತಯಾರಿಸಿದ್ದು ಈ ಉದ್ಯಮಕ್ಕೆ ಜನ್ಮವಿತ್ತ ಸೋನಿ ಸಂಸ್ಥೆಯೇ. ತಯಾರಿಕೆಯ ಸಮಯದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಲೋಹದ ಕಣಗಳು ಕೋಶದೊಳಗೆ ಉಳಿದು, ಅಪರೂಪವಾಗಿ ಪೊರೆಯನ್ನು ಭೇದಿಸಿದುವು ಎಂಬುದು ಕೊಟ್ಟ ಕಾರಣ.

ಸೋನಿ ಸಂಸ್ಥೆ ಆಗ ಇನ್ನೊಂದು ಮಾತನ್ನೂ ಹೇಳಿತು. ಬೇರೆ ಬೇರೆ ಲ್ಯಾಪ್‌ಟಾಪುಗಳ ರಚನಾಭೇದವನ್ನು ಅನುಸರಿಸಿ ಈ ದೋಷ ಪ್ರಕಟವಾಗುವ ಸಂಭವ ಹೆಚ್ಚುಕಡಮೆಯಾಗಬಹುದೆಂಬುದು ಆ ಮಾತಿನ ತಾತ್ಪರ್ಯ. ಇದರಲ್ಲಿ ತಾಂತ್ರಿಕವಾಗಿ ಸತ್ಯಾಂಶವಿದೆ. ಬಿಸಿಯಾದ ಸ್ಥಳದಲ್ಲಿಟ್ಟ ಕೋಶವೂ ತಣ್ಣಗಿರುವ ಕೋಶವೂ ಒಂದೇ ರೀತಿ ವರ್ತಿಸುವುದಿಲ್ಲ. ಆದರೆ ಬಳಸುವವನ ದೃಷ್ಟಿಯಿಂದ ಈ ಮಾತಿಗೆ ಬೇರೊಂದು ಅರ್ಥವುಂಟು. ಕೋಶ ತಯಾರಿಸಿದವನು ಪದಾರ್ಥದ ಕಡೆಗೂ, ಪದಾರ್ಥ ತಯಾರಿಸಿದವನು ಕೋಶದ ಕಡೆಗೂ ಬೆರಳು ತೋರುತ್ತಿದ್ದರೆ, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡ ಮನುಷ್ಯ ಯಾರನ್ನು ಕೇಳಬೇಕು? ಸುರಕ್ಷತೆಯೆಂಬುದು ಕೋಶದ ಗುಣವೊಂದೇ ಅಲ್ಲ, ಕೋಶಕ್ಕೂ ಅದನ್ನು ಸೇರಿಸಿದ ಪದಾರ್ಥಕ್ಕೂ ಇರುವ ಸಂಬಂಧದ ಗುಣ ಎಂಬ ತಿಳಿವಳಿಕೆ ಬಲವಾದದ್ದು ಈ ಪ್ರಕರಣದಿಂದ.

ಇದೇ ಕಾಲದಲ್ಲಿ ಕೋಶಗಳ ಸಾಗಣೆಯೂ ಚಿಂತೆಗೆ ಕಾರಣವಾಯಿತು. ೨೦೧೦ರ ಸೆಪ್ಟೆಂಬರ್ ೩ರಂದು ದುಬೈಯಿಂದ ಹೊರಟ ಸರಕು ವಿಮಾನವೊಂದು, ಲಿಥಿಯಂ ಬ್ಯಾಟರಿಗಳಿದ್ದ ಸರಕಿಗೆ ಬೆಂಕಿ ತಗುಲಿದುದರಿಂದ ಉರುಳಿ, ಅದರಲ್ಲಿದ್ದ ಇಬ್ಬರು ಚಾಲಕರೂ ಮೃತರಾದರು. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಪ್ರಯಾಣಿಕರ ವಿಮಾನಗಳಲ್ಲಿ ಲಿಥಿಯಂ-ಅಯಾನು ಬ್ಯಾಟರಿಗಳನ್ನು ಬಿಡಿ ಸರಕಾಗಿ ಒಯ್ಯುವುದನ್ನು ನಿಷೇಧಿಸಿದ್ದು ೨೦೧೬ರ ಏಪ್ರಿಲ್ ೧ರಿಂದ. ಸರಕು ವಿಮಾನಗಳಲ್ಲಿ ಅವು ಶೇಕಡ ೩೦ಕ್ಕಿಂತ ಹೆಚ್ಚು ತುಂಬಿರಕೂಡದೆಂದು ವಿಧಿಸಿದ್ದೂ ಆಗಲೇ. ಬೆಂಕಿಗೂ ನಿಯಮಕ್ಕೂ ನಡುವೆ ಐದು ವರ್ಷಗಳ ಮೇಲೆ ಅಂತರವಿರುವುದನ್ನು ವಾಚಕರು ಗಮನಿಸಬೇಕು.

೫

೨೦೧೩ರ ಜನವರಿ ೭ರಂದು ಬೋಸ್ಟನ್ ನಿಲ್ದಾಣದಲ್ಲಿ ನಿಂತಿದ್ದ ಜಪಾನ್ ಏರ್‌ಲೈನ್ಸ್ ಸಂಸ್ಥೆಯ ಬೋಯಿಂಗ್ ೭೮೭ ವಿಮಾನದ ಬ್ಯಾಟರಿಯಿಂದ ಹೊಗೆಯೂ ಬೆಂಕಿಯೂ ಹೊರಟುವು. ೧೬ರಂದು ಜಪಾನಿನಲ್ಲಿ ಇನ್ನೊಂದು ೭೮೭ ವಿಮಾನ ಅದೇ ಬಗೆಯ ಕಾರಣದಿಂದ ತಾಕಮಾತ್ಸು ನಿಲ್ದಾಣದಲ್ಲಿ ತುರ್ತಾಗಿ ಇಳಿಯಿತು. ಅಂದೇ ಅಮೆರಿಕದ ವಿಮಾನಯಾನ ಆಡಳಿತ ಆ ವಿಮಾನಗಳ ಹಾರಾಟವನ್ನು ನಿಲ್ಲಿಸಿತು; ಇತರ ದೇಶಗಳೂ ಹಾಗೆಯೇ ಮಾಡಿದುವು. ನಮ್ಮ ಏರ್ ಇಂಡಿಯಾದ ವಿಮಾನಗಳೂ ನೆಲದಲ್ಲಿ ನಿಂತುವು.

ಈ ಪ್ರಕರಣ ನಮ್ಮ ವಿಷಯಕ್ಕೆ ಕೇಂದ್ರಪ್ರಾಯವಾದುದು. ಆ ಬ್ಯಾಟರಿಯಲ್ಲಿದ್ದುದು ಎಂಟು ದೊಡ್ಡ ಕೋಶಗಳು. ಒಂದು ಕೋಶದೊಳಗೆ ಶಾರ್ಟ್ ಸರ್ಕ್ಯೂಟ್ ಆದರೂ ಅದರಿಂದ ಹೊಗೆ ಬರಬಹುದೇ ಹೊರತು ಅದು ನೆರೆಯ ಕೋಶಗಳಿಗೆ ಹರಡುವುದಿಲ್ಲವೆಂದು ತಯಾರಕರು ಪರೀಕ್ಷೆ ನಡೆಸಿ ನಿರ್ಣಯಿಸಿದ್ದರು. ಹೊಗೆ ಬರುವ ಪ್ರಸಂಗವೂ ಒಂದು ಕೋಟಿ ಹಾರಾಟಗಂಟೆಗಳಲ್ಲಿ ಒಮ್ಮೆಗಿಂತ ಕಡಮೆಯೆಂದು ಅವರ ಅಂದಾಜು. ಈ ಮಾದರಿಯ ವಿಮಾನಗಳು ಎಲ್ಲ ಸೇರಿ ಒಂದು ಲಕ್ಷ ಗಂಟೆ ಹಾರುವುದಕ್ಕೆ ಮುಂಚೆಯೇ ಇಂಥ ಎರಡು ಪ್ರಸಂಗಗಳು ನಡೆದುಹೋದುವು. ಒಂದು ಕೋಶದಲ್ಲಿ ಹುಟ್ಟಿದ ಕಾವು ನೆರೆಯವುಗಳಿಗೆ ಹಬ್ಬಿತೆಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಲಿ ೨೦೧೪ರ ತನ್ನ ವರದಿಯಲ್ಲಿ ನಿರ್ಣಯಿಸಿತು.

೨೦೧೩ರ ಏಪ್ರಿಲ್ ತಿಂಗಳಲ್ಲಿ ವಿಮಾನಗಳು ಮತ್ತೆ ಹಾರಲು ಅನುಮತಿ ದೊರೆಯಿತು. ಆ ಅನುಮತಿಗೆ ಆಧಾರವಾದ ಪರಿಹಾರದ ಸ್ವರೂಪವನ್ನು ನೋಡಬೇಕು. ಬೋಸ್ಟನ್ನಿನ ಕೋಶದೊಳಗೆ ಆ ಮೊದಲ ದೋಷ ಹೇಗೆ ಹುಟ್ಟಿತೆಂಬುದು ಆಗಿನ್ನೂ ಇತ್ಯರ್ಥವಾಗಿರಲಿಲ್ಲ. ಆದುದರಿಂದ ಕೋಶಕೋಶಗಳ ನಡುವೆ ಕಾವನ್ನು ತಡೆಯುವ ಹೊದಿಕೆಯನ್ನು ಹೆಚ್ಚಿಸಿ, ಬ್ಯಾಟರಿಯನ್ನೆಲ್ಲ ತುಕ್ಕು ಹಿಡಿಯದ ಉಕ್ಕಿನ ಪೆಟ್ಟಿಗೆಯಲ್ಲಿಟ್ಟು, ಹೊಗೆ ವಿಮಾನದ ಹೊರಕ್ಕೆ ಹೋಗುವಂತೆ ಕೊಳವೆಯನ್ನು ಜೋಡಿಸಿದರು. ಅಂದರೆ, ಕೋಶ ಮತ್ತೆ ಕೆಡಬಹುದೆಂಬುದನ್ನು ಒಪ್ಪಿಕೊಂಡು, ಕೆಟ್ಟರೂ ಜನರಿಗೆ ಅಪಾಯವಾಗದಂತೆ ಕಟ್ಟಿದರು. ಹಿಂದಿನ ನಂಬಿಕೆಗೂ ಇದಕ್ಕೂ ಇರುವ ವ್ಯತ್ಯಾಸ ಅಜಗಜಾಂತರದ್ದು.

ಆದರೆ ವಿಮಾನ ಕಲಿತ ಪಾಠವನ್ನು ಕಿಸೆಯ ಪದಾರ್ಥ ಕಲಿತಿರಲಿಲ್ಲ. ೨೦೧೬ರ ಆಗಸ್ಟಿನಲ್ಲಿ ಸ್ಯಾಮ್‌ಸಂಗ್ ಸಂಸ್ಥೆಯ ಗ್ಯಾಲಕ್ಸಿ ನೋಟ್ ೭ ದೂರವಾಣಿ ಮಾರಾಟಕ್ಕೆ ಬಂದಿತು. ಸೆಪ್ಟೆಂಬರ್ ೨ರ ವೇಳೆಗೆ ೩೫ ದೂರುಗಳು ಬಂದಿದ್ದುವು. ಹತ್ತು ಲಕ್ಷಕ್ಕೆ ೨೪ರಂತೆ ದೋಷವಿರುವುದಾಗಿ ಸಂಸ್ಥೆ ಲೆಕ್ಕಹಾಕಿತು. ಈ ಪ್ರಮಾಣ ಅತ್ಯಲ್ಪವೆಂದು ತೋರುತ್ತದೆ. ಆದರೆ ಲಕ್ಷಗಟ್ಟಲೆ ಮಾರಾಟವಾಗುವ ಪದಾರ್ಥದಲ್ಲಿ ಅತ್ಯಲ್ಪ ಪ್ರಮಾಣವೂ ಯಾರದೋ ಮನೆಯ ಹಾಸಿಗೆಯ ಪಕ್ಕದಲ್ಲಿ ಹೊತ್ತಿಕೊಳ್ಳುವ ಬೆಂಕಿಯೇ. ೨೫ ಲಕ್ಷ ದೂರವಾಣಿಗಳನ್ನು ಹಿಂದಕ್ಕೆ ಕರೆದು, ಬೇರೊಬ್ಬ ತಯಾರಕರ ಬ್ಯಾಟರಿಯಿದ್ದ ದೂರವಾಣಿಗಳನ್ನು ಕೊಟ್ಟರು, ಅವೂ ಹೊತ್ತಿಕೊಂಡುವು. ಅಕ್ಟೋಬರಿನಲ್ಲಿ ತಯಾರಿಕೆಯೇ ನಿಂತಿತು. ಎರಡು ಲಕ್ಷ ದೂರವಾಣಿಗಳನ್ನೂ ಮೂವತ್ತು ಸಾವಿರ ಬ್ಯಾಟರಿಗಳನ್ನೂ ಪರೀಕ್ಷಿಸಿ ೨೦೧೭ರ ಜನವರಿಯಲ್ಲಿ ಪ್ರಕಟಿಸಿದ ನಿರ್ಣಯದಂತೆ, ಮೊದಲನೆಯ ಬ್ಯಾಟರಿಯ ಮೂಲೆಯಲ್ಲಿ ಸಾಕಷ್ಟು ಎಡೆಯಿಲ್ಲದೆ ಋಣಾಗ್ರದ ಹಾಳೆ ಬಾಗಿತ್ತು; ಎರಡನೆಯದರಲ್ಲಿ ಬೆಸುಗೆಯ ಚೂಪಾದ ಗಂಟುಗಳು ಒಳಗಿನ ಪದರವನ್ನು ಚುಚ್ಚಿದ್ದುವು. ಎರಡು ದೋಷಗಳು ಬೇರೆ ಬೇರೆ. ಒಬ್ಬ ತಯಾರಕರನ್ನು ಬಿಟ್ಟು ಇನ್ನೊಬ್ಬರನ್ನು ಹಿಡಿದರೆ ಅಪಾಯ ನೀಗುವುದೆಂದು ನಂಬಿ, ಬದಲಿ ದೂರವಾಣಿಗಳನ್ನು ಕೆಲವೇ ವಾರಗಳಲ್ಲಿ ಜನರ ಕೈಗೆ ಕೊಟ್ಟದ್ದು ಮಾತ್ರ ಎರಡನೆಯ ಅವಘಡದ ಹಿಂದೆ ಸ್ಪಷ್ಟವಾಗಿ ಕಾಣಬರುತ್ತದೆ.

೬

೨೦೨೨ರ ಬೇಸಗೆಯಲ್ಲಿ ಈ ಚರಿತ್ರೆ ನಮ್ಮ ನಾಡಿನ ಬೀದಿಗೆ ಬಂದಿತು. ಮಾರ್ಚ್ ತಿಂಗಳ ಕೊನೆಯಲ್ಲಿ ಪುಣೆಯ ರಸ್ತೆಯ ಬದಿಯಲ್ಲಿ ವಿದ್ಯುತ್ ಸ್ಕೂಟರೊಂದು ಉರಿಯಿತು. ಅದೇ ದಿನಗಳಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ರಾತ್ರಿ ಚಾರ್ಜಿಗೆ ಹಾಕಿದ್ದ ಸ್ಕೂಟರಿನಿಂದ ಎದ್ದ ಹೊಗೆಗೆ ತಂದೆ ಮತ್ತು ಮಗಳು ಬಲಿಯಾದರು. ಸೆಪ್ಟೆಂಬರ್ ೧೨ರಂದು ಸಿಕಂದರಾಬಾದಿನಲ್ಲಿ ವಿದ್ಯುತ್ ಸ್ಕೂಟರಿನ ಮಳಿಗೆಯಲ್ಲಿ ಹುಟ್ಟಿದ ಬೆಂಕಿಯ ಹೊಗೆ ಮೇಲಿದ್ದ ವಸತಿಗೃಹಕ್ಕೆ ಏರಿ ಎಂಟು ಮಂದಿ ಸತ್ತರು. ಇಂಥ ಪ್ರಸಂಗಗಳಲ್ಲಿ ಜ್ವಾಲೆಗಿಂತ ಹೊಗೆಯೇ ಮೊದಲು ಕೊಲ್ಲುತ್ತದೆ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಆ ವರ್ಷ ತಜ್ಞರ ಸಮಿತಿಯೊಂದನ್ನು ನೇಮಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ವಿಜ್ಞಾನಿಯೊಬ್ಬರೂ ಅದರಲ್ಲಿದ್ದರು. ಸಮಿತಿಯ ಸಲಹೆಯಂತೆ ಎಐಎಸ್ ೧೫೬ ಮತ್ತು ಎಐಎಸ್ ೦೩೮ ಎಂಬ ವಾಹನ ಮಾನಕಗಳಿಗೆ ತಿದ್ದುಪಡಿಯಾಗಿ, ಮೊದಲ ಹಂತ ೨೦೨೨ರ ಡಿಸೆಂಬರ್ ೧ರಿಂದಲೂ ಎರಡನೆಯದು ೨೦೨೩ರ ಮಾರ್ಚ್ ೩೧ರಿಂದಲೂ ಜಾರಿಗೆ ಬಂದುವು. ಕೋಶಗಳ ನಡುವೆ ಸಾಕಷ್ಟು ಅಂತರವಿರಬೇಕು. ಒತ್ತಡ ಹೊರಹೋಗಲು ದ್ವಾರವಿರಬೇಕು. ಕಾವೇರಿದಾಗ ಸವಾರನಿಗೆ ಕಣ್ಣಿಗೂ ಕಿವಿಗೂ ತಿಳಿಯುವಂತೆ ಎಚ್ಚರಿಕೆ ಬರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಕೋಶದೊಳಗೆ ಶಾರ್ಟ್ ಸರ್ಕ್ಯೂಟ್ ಆಗಿ ಕಾವು ಹರಡುವ ಸಂಭವವನ್ನು ಪರೀಕ್ಷಿಸಬೇಕು. ಬೋಸ್ಟನ್ನಿನಲ್ಲಿ ಬಿದ್ದುಹೋದ ನಂಬಿಕೆಯ ಸ್ಥಾನದಲ್ಲಿ ನಿಂತ ಹೊಸ ಪ್ರಶ್ನೆ ಹೀಗೆ ನಮ್ಮ ಸ್ಕೂಟರಿನ ನಿಯಮದಲ್ಲಿ ಸ್ಥಾನ ಪಡೆಯಿತು. ೧೯೮೯ರಿಂದ ಇಲ್ಲಿಗೆ ೩೩ ವರ್ಷಗಳು.

ರಸಾಯನದ ಕಡೆಯಿಂದಲೂ ಒಂದು ದಾರಿ ತೆರೆದಿತ್ತೆಂಬುದನ್ನು ಇಲ್ಲಿ ಹೇಳಬೇಕು. ೧೯೯೭ರಲ್ಲಿ ಎ. ಕೆ. ಪಾಧಿ, ಕೆ. ಎಸ್. ನಂಜುಂಡಸ್ವಾಮಿ ಮತ್ತು ಗುಡ್‌ಇನಫ್ ಕಬ್ಬಿಣದ ಫಾಸ್ಫೇಟನ್ನು ಧನಾಗ್ರವಾಗಿ ಬಳಸಬಹುದೆಂದು ಪ್ರಕಟಿಸಿದರು. ಅದರಲ್ಲಿ ಆಮ್ಲಜನಕ ರಂಜಕದೊಡನೆ ಬಿಗಿಯಾಗಿ ಬೆಸೆದುಕೊಂಡಿರುವುದರಿಂದ ಕಾವಿನಲ್ಲಿ ಸುಲಭವಾಗಿ ಬಿಡುಗಡೆಯಾಗುವುದಿಲ್ಲ. ಶಕ್ತಿ ಸ್ವಲ್ಪ ಕಡಮೆ. ಯೋಶಿನೊ ಇಟ್ಟ ಹಿಂದಿನ ಹೆಜ್ಜೆಯಂಥದೇ ಇದು. ಆದರೆ ಈ ಕೋಶದ ದ್ರವವೂ ಹೊತ್ತಿಕೊಳ್ಳುವಂಥದೇ ಆದುದರಿಂದ, ಇದಕ್ಕೂ ಕಾವಲು ಬೇಡವೆನ್ನುವಂತಿಲ್ಲ.

೭

ಮೇಲಿನ ಸಮೀಕ್ಷೆಯಿಂದ ಹೊರಡುವ ನಿರ್ಣಯವನ್ನು ಹೀಗೆ ಸಂಗ್ರಹಿಸಬಹುದು. ಲೋಹ ಪಳಗೀತೆಂಬ ನಂಬಿಕೆ ೧೯೮೯ರಲ್ಲಿ, ಕಾರ್ಖಾನೆ ಶುದ್ಧವಾಗಿದೆಯೆಂಬ ನಂಬಿಕೆ ೨೦೦೬ರಲ್ಲಿ, ಬೆಂಕಿ ನೆರೆಗೆ ಹರಡದೆಂಬ ನಂಬಿಕೆ ೨೦೧೩ರಲ್ಲಿ, ತಯಾರಕನನ್ನು ಬದಲಿಸಿದರೆ ಸಾಕೆಂಬ ನಂಬಿಕೆ ೨೦೧೬ರಲ್ಲಿ ಮುರಿದುಬಿದ್ದುವು. ಈ ನಂಬಿಕೆಗಳನ್ನಿಟ್ಟವರು ಮೂರ್ಖರಲ್ಲ. ಅವರಲ್ಲಿ ಬಹುಮಂದಿ ಪರೀಕ್ಷೆ ನಡೆಸಿಯೇ ಮಾತಾಡಿದವರು. ಆದರೆ ಪರೀಕ್ಷೆ ತಾನು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಕೇಳದೆ ಉಳಿದ ಪ್ರಶ್ನೆಯನ್ನು ಬಳಸುವವನೇ ತನ್ನ ಮೈಮೇಲೆ ಹೊತ್ತುಕೊಳ್ಳಬೇಕಾಗುತ್ತದೆ.

ಹಾಗಾದರೆ ಇಂದು ಕೇಳದೆ ಉಳಿದ ಪ್ರಶ್ನೆ ಯಾವುದು? ನಮ್ಮ ಅಭಿಪ್ರಾಯದಲ್ಲಿ ಅದು ಹಳೆಯ ಕೋಶದ ಪ್ರಶ್ನೆ. ೨೦೨೨ರ ತಿದ್ದುಪಡಿಗಳ ದೃಷ್ಟಿ ಕಾರ್ಖಾನೆಯಿಂದ ಹೊರಡುವ ಹೊಸ ವಾಹನದ ಮೇಲಿದೆ. ಐದಾರು ವರ್ಷ ಸವೆದ ಬ್ಯಾಟರಿಯನ್ನು ಬಿಚ್ಚಿ, ಇನ್ನೂ ಜೀವವಿರುವ ಕೋಶಗಳನ್ನು ಆರಿಸಿ, ಬೇರೊಂದು ಬ್ಯಾಟರಿಯಾಗಿ ಜೋಡಿಸುವ ಉದ್ಯೋಗ ಕಡಮೆ ವರಮಾನದವರಿಗೆ ಅನುಕೂಲವಾದದ್ದೂ ಹೌದು, ಅಪಾಯಕರವಾದದ್ದೂ ಹೌದು. ಬಿಡಿಯಾಗಿ ಮಾರುವ ೧೮೬೫೦ ಕೋಶಗಳನ್ನು ಕೊಳ್ಳಬಾರದೆಂದು ಅಮೆರಿಕದ ಗ್ರಾಹಕ ಪದಾರ್ಥ ಸುರಕ್ಷತಾ ಆಯೋಗ ೨೦೨೧ರಲ್ಲಿ ಎಚ್ಚರಿಸಿತು. ಅವು ಬ್ಯಾಟರಿಯ ಅಂಗವಾಗಿರಬೇಕಾದ ಕೋಶಗಳೇ ಹೊರತು ಕಾವಲಿಲ್ಲದೆ ಬಳಸತಕ್ಕವಲ್ಲವೆಂಬುದು ಅದರ ವಾದ. ನ್ಯೂಯಾರ್ಕ್ ನಗರದಲ್ಲಿ ೨೦೨೩ರ ಒಂದೇ ವರ್ಷ ಲಿಥಿಯಂ ಬ್ಯಾಟರಿಗಳ ಬೆಂಕಿಯಲ್ಲಿ ೧೮ ಮಂದಿ ಸತ್ತರು. ಬಳಸಿದ ಕೋಶಗಳಿಂದ ಬ್ಯಾಟರಿಗಳನ್ನು ಮರುಜೋಡಿಸಿ ಮಾರುವುದನ್ನು ಆ ನಗರ ಅದೇ ವರ್ಷ ಕಾನೂನಿನಿಂದ ನಿಷೇಧಿಸಿತು. ಅಲ್ಲಿಯೂ ಕಾನೂನು ಸಾವಿನ ಹಿಂದೆಯೇ ಬಂದಿತು.

ನಮ್ಮಲ್ಲಿ ಲಕ್ಷಾಂತರ ವಾಹನಗಳ ಮೊದಲ ಬ್ಯಾಟರಿಗಳು ಸವೆಯುವ ಕಾಲ ಸಮೀಪಿಸುತ್ತಿದೆ. ಬಳಸಿ ಹಳತಾದ ಕೋಶ ಹೊಸದರಂತೆ ವರ್ತಿಸುವುದಿಲ್ಲವೆಂಬುದು ಮೋಲಿ ಎನರ್ಜಿಯ ಪಾಠ. ಅದನ್ನು ಕಲಿಸಿದ ಬೆಂಕಿ ಹೊತ್ತಿ ಮೂರು ದಶಕಗಳ ಮೇಲಾಯಿತು. ಆ ಪಾಠವನ್ನು ಈ ಬಾರಿಯಾದರೂ ನಿಯಮ ಮುಂದಾಗಿ ಬರೆದುಕೊಳ್ಳುವುದೋ, ಅಥವಾ ಮತ್ತೊಂದು ತೇದಿಗಾಗಿ ಕಾಯುವುದೋ ನೋಡಬೇಕು. ಅವಘಡದ ತೇದಿಗಳ ಪಟ್ಟಿಯನ್ನು ಬೆಳೆಯಗೊಡದಂತೆ ಮಾಡುವುದರಲ್ಲಿ ಇತಿಹಾಸದ ಅಧ್ಯಯನಕ್ಕೆ ಕಿಂಚಿತ್ತಾದರೂ ಪಾತ್ರವಿದೆಯೆಂಬ ವಿಶ್ವಾಸದಿಂದ ಈ ಸಮೀಕ್ಷೆಯನ್ನು ವಾಚಕರ ಮುಂದಿಟ್ಟಿದೆ.